ಲಾಂದ್ರದ ಗುರುತಿಗೆ ಹತ್ತು ಮತ

ಹೊರೇಸ್ ಡಂಕ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಲ್ಲಲು ಮೂವತ್ತೊಂದು ಕಿತ್ತಳೆ ಹಣ್ಣುಗಳು ಕಾರಣ.

ಅವನ ನಾದಿನಿ ಕೋರಾ ಅರಿಝೋನಾದಲ್ಲಿದ್ದಳು. ಪ್ರತಿ ಡಿಸೆಂಬರಿನಲ್ಲಿ ಅಕ್ಕನಿಗೆಂದು ಒಂದು ಪೆಟ್ಟಿಗೆ ಕಿತ್ತಳೆಯನ್ನು ರೈಲಿಗೆ ಹಾಕುತ್ತಿದ್ದಳು. ಟಿಲ್ಡನ್ ಕಾರ್ನರಿನಲ್ಲಿ ರೈಲು ಒಂದು ನಿಮಿಷ ನಿಲ್ಲುತ್ತಿದ್ದ ಕಾಲದಲ್ಲಿ ಆ ಪೆಟ್ಟಿಗೆ ಹೂವಿನಂತೆ ಕೈಗೆ ಬರುತ್ತಿತ್ತು. ಅದನ್ನು ಇಳಿಸಿಕೊಂಡು ಸಹಿ ಹಾಕುತ್ತಿದ್ದ ಸ್ಟೇಷನ್ ಮಾಸ್ತರನೂ ಹೊರೇಸನೇ. ಆಮೇಲೆ ರೈಲು ಕಂಪನಿಯವರಿಗೆ ಈ ಊರಿನಿಂದ ಲಾಭವಿಲ್ಲ ಎಂಬ ಜ್ಞಾನೋದಯವಾಯಿತು. ನಿಲ್ದಾಣಕ್ಕೆ ಬೀಗ ಬಿತ್ತು. ನಲವತ್ತು ವರ್ಷ ದುಡಿದ ಹೊರೇಸನ ಕೈಗೆ ಒಂದು ಜೇಬುಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ಟಪಾಲು ಡಬ್ಬಿಯವನು ಓಡುವ ರೈಲಿನಿಂದಲೇ ಪೆಟ್ಟಿಗೆಯನ್ನು ಎಸೆಯುತ್ತಿದ್ದ. ಹನ್ನೆರಡನೆಯ ವರ್ಷ ಅದು ಒಡೆದೇಹೋಯಿತು. ಹೊರೇಸ್ ಮೊಣಕಾಲುದ್ದ ಹಿಮದಲ್ಲಿ ಕೂತು ಜಜ್ಜಿಹೋದ ಹಣ್ಣುಗಳನ್ನು ಒಂದೊಂದಾಗಿ ಹೆಕ್ಕಿ ಟೋಪಿಗೆ ತುಂಬಿಕೊಂಡ. ಮೂವತ್ತೊಂದು ಸಿಕ್ಕವು. ಉಳಿದವು ಹಳಿಯ ಮೇಲೆ ಚಟ್ನಿಯಾಗಿದ್ದವು.

ಅವನು ಆನೆ ಗುರುತಿನ ಪಕ್ಷಕ್ಕೆ ಪತ್ರ ಬರೆದ. ಅವರು ತಮ್ಮ ನಾಯಕರ ನಗುಮೊಗದ ಫೋಟೋ ಕಳಿಸಿದರು. ಕತ್ತೆ ಗುರುತಿನ ಪಕ್ಷಕ್ಕೆ ಬರೆದ. ಅವರೂ ಫೋಟೋ ಕಳಿಸಿದರು, ಜೊತೆಗೆ ಒಂದು ಕ್ಯಾಲೆಂಡರು. ಎರಡೂ ಪಕ್ಷದವರು ಪ್ರತಿ ಚುನಾವಣೆಯಲ್ಲೂ ‘ಟಿಲ್ಡನ್ ಕಾರ್ನರಿನಲ್ಲಿ ರೈಲು ನಿಲ್ಲಿಸುತ್ತೇವೆ’ ಎಂದು ಮಾತು ಕೊಟ್ಟವರೇ. ಡಂಕ್ಲಿ ಮನೆತನ ಮೂರು ತಲೆಮಾರಿನಿಂದ ಆನೆಯ ಕಡೆಗಿತ್ತು. ಆನೆಯೂ ಹೀಗೆ ಮಾಡಿದ ಮೇಲೆ ಹೊರೇಸನಿಗೆ ರೇಗಿಹೋಯಿತು. “ಹಾಗಾದ್ರೆ ನಾನೇ ಅಧ್ಯಕ್ಷನಾಗಿ ನಿಲ್ಲಿಸ್ತೀನಿ” ಎಂದುಬಿಟ್ಟ.

ಪಕ್ಷೇತರನಾಗಿ ನಿಲ್ಲಬೇಕಾದರೆ ಅರ್ಜಿಗೆ ನೂರಾರು ಮತದಾರರ ಸಹಿ ಬೇಕು. ಹೊರೇಸ್ ಆ ಬೇಸಿಗೆಯೆಲ್ಲ ಜಿಲ್ಲೆಯ ಜಾತ್ರೆಗಳಲ್ಲಿ, ದನದ ಪ್ರದರ್ಶನಗಳಲ್ಲಿ ಅಲೆದು ಸಹಿ ಹಾಕಿಸಿದ. ಕೈಯಲ್ಲಿ ಬೆಣ್ಣೆ ಸವರಿದ ಜೋಳದ ತೆನೆ ಹಿಡಿದಿರುವ ಮನುಷ್ಯ ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಾನೆ. ಹೀಗೆ ಬೆಣ್ಣೆಜಿಡ್ಡಿನ ಅರ್ಜಿ ರಾಜಧಾನಿಗೆ ಹೋಗಿ, ಹೊರೇಸನ ಹೆಸರು ರಾಜ್ಯದ ಮತಯಂತ್ರಗಳ ಮೇಲೆ ಅಚ್ಚಾಯಿತು. ಗುರುತು, ಸ್ಟೇಷನ್ನಿನ ಲಾಂದ್ರ. ಘೋಷಣೆ, ‘ಮಾತಂದ್ರೆ ಮಾತು’. ಊರಿನ ಕ್ಷೌರಿಕ ಪರ್ವಿಸ್ ಅವನ ಜೀವದ ಗೆಳೆಯ. ಪ್ರಚಾರ ಸಮಿತಿಯ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯರು ಎಲ್ಲರೂ ಆ ಪರ್ವಿಸನೊಬ್ಬನೇ.

ಹೊರೇಸನ ಹೆಂಡತಿ ಬರ್ನಿಸ್ ಮಾತ್ರ ಇದಾವುದಕ್ಕೂ ಸೊಪ್ಪು ಹಾಕಲಿಲ್ಲ. ಅವಳಿಗೆ ಮೊಣಕಾಲು ನೋವು. ಟಿಲ್ಡನ್ ಕಾರ್ನರಿನ ಚಳಿಯಲ್ಲಿ ಆ ಮೊಣಕಾಲುಗಳು ಬಾಗಿಲಿನ ತಿರುಗಣಿಯಂತೆ ಸದ್ದು ಮಾಡುತ್ತಿದ್ದವು. ಅರಿಝೋನಾಕ್ಕೆ ಹೋಗಿ ತಂಗಿಯ ಪಕ್ಕದಲ್ಲಿ ಬೆಚ್ಚಗೆ ಇರೋಣ ಎಂದು ಐದು ವರ್ಷದಿಂದ ಗಂಡನ ತಲೆ ತಿನ್ನುತ್ತಿದ್ದಳು. ಹೊರೇಸನಿಗೆ ಊರು ಬಿಡುವುದೆಂದರೆ ಚರ್ಮ ಬಿಡಿಸಿಕೊಂಡಂತೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಒಪ್ಪಂದವಾಯಿತು.

“ನೋಡು ಹೊರೇಸ್” ಎಂದಳು ಬರ್ನಿಸ್. “ದೇಶ ಗೆಲ್ಲೋದು ಆಮೇಲಿರ್ಲಿ. ಈ ಊರಲ್ಲಿ ಹತ್ತು ಜನ ನಿಂಗೆ ಮತ ಹಾಕ್ಲಿ. ನಾನು ಸಾಯೋವರ್ಗೂ ಅರಿಝೋನಾ ಅನ್ನಲ್ಲ. ಹತ್ತಕ್ಕೆ ಒಂದು ಕಮ್ಮಿಯಾದ್ರೂ ಹೊಸ ವರ್ಷಕ್ಕೆ ಗಂಟು ಕಟ್ಟೋದು.”

“ಹತ್ತಾ? ಬರೀ ಹತ್ತಾ?” ಎಂದು ಹೊರೇಸ್ ನಕ್ಕ. ನಕ್ಕಿದ್ದು ಸಾಲದು ಎಂದು ಪರ್ವಿಸನ ಕ್ಷೌರದಂಗಡಿಗೆ ಹೋಗಿ ಊರಿಗೆಲ್ಲ ಕೇಳುವಂತೆ ಒಪ್ಪಂದವನ್ನು ಸಾರಿದ. “ಮಾತಂದ್ರೆ ಮಾತು!” ಎಂದು ಎದೆ ತಟ್ಟಿಕೊಂಡ.

ನವೆಂಬರಿನ ಮಂಗಳವಾರ ಬಂತು. ಅಷ್ಟರಲ್ಲಿ ಹಳೆಯ ರೈಲು ವೇಳಾಪಟ್ಟಿಯ ಬೆನ್ನಿಗೆ ಹೊರೇಸ್ ಬರೆದುಕೊಂಡ ಪಟ್ಟಿಯಲ್ಲಿದ್ದವರು ಎಂಟು ಜನ. ಪರ್ವಿಸ್, ಅವನ ಹೆಂಡತಿ ಲಾಟಿ, ಹಾಲಿನ ಡೇರಿಯ ಮೂವರು ಡಾಲ್ ಸಹೋದರರು, ಚರ್ಚಿನಲ್ಲಿ ಹಾಡುವ ಇಬ್ಬರು ಅವಿವಾಹಿತ ಅಕ್ಕತಂಗಿಯರು, ಮತ್ತೆ ಗೋರಿ ತೋಡುವ ಎಮೆಟ್. ತಾನು ಸೇರಿದರೆ ಒಂಬತ್ತು. ಹತ್ತನೆಯ ಮತ ಎಲ್ಲಿ ಎಂಬ ಚಿಂತೆಯಲ್ಲಿ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದ.

ಒಳಗೆ ಕಾಫಿಯ ವಾಸನೆ, ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಪೈಗಳ ಸಾಲು, ನಡುವೆ ಹಸಿರು ಬಣ್ಣದ ಆ ಕಬ್ಬಿಣದ ಯಂತ್ರ. ಈಗಿನವರು ಅಂಥದನ್ನು ಕಂಡಿಲ್ಲ. ಬೀರುವಿನಷ್ಟು ದೊಡ್ಡದು, ಎದುರಿಗೆ ಪರದೆ. ಕೆಂಪು ಹಿಡಿ ಎಳೆದರೆ ಪರದೆ ಮುಚ್ಚುತ್ತದೆ, ಮತ ಹಾಕಿ ಅದನ್ನೇ ಹಿಂದಕ್ಕೆ ತಳ್ಳಿದರೆ ಮತ ದಾಖಲಾಗಿ ಪರದೆ ತೆರೆಯುತ್ತದೆ. ಒಳಗೆ ಪಕ್ಷಕ್ಕೊಂದು ಸಾಲು, ಹೆಸರಿಗೊಂದು ಬೆರಳಿನಲ್ಲಿ ಒತ್ತುವ ಪುಟ್ಟ ಸನ್ನೆಗೋಲು. ಒಂದೊಂದೇ ಒತ್ತುವಷ್ಟು ತಾಳ್ಮೆಯಿಲ್ಲದ ನಿಷ್ಠಾವಂತರಿಗೆಂದು ಎಡಗಡೆ ಮೇಲೆ ಪಕ್ಷದ ದೊಡ್ಡ ಸನ್ನೆ. ಅದೊಂದನ್ನು ಎಳೆದರೆ ಸಾಲಿನ ಸನ್ನೆಗಳೆಲ್ಲ ಒಟ್ಟಿಗೆ ಬಾಗುತ್ತವೆ. ಲಾಂದ್ರಕ್ಕೆ ಜಾಗ ಸಿಕ್ಕಿದ್ದು ತೀರ ಕೆಳಗೆ, ಬಲಮೂಲೆಯಲ್ಲಿ. ಅದನ್ನು ಒತ್ತಬೇಕಾದರೆ ಬೂಟಿನ ದಾರ ಕಟ್ಟುವವರಂತೆ ಬಾಗಬೇಕು.

ಮತಗಟ್ಟೆಯ ಮುಖ್ಯಸ್ಥೆ ಥೆಲ್ಮಾ ದಪ್ಪ ಪುಸ್ತಕದಲ್ಲಿ ಹೊರೇಸನ ಹೆಸರಿಗೆ ಗೀಟು ಹಾಕಿ, “ಹೋಗಪ್ಪಾ ಅಧ್ಯಕ್ಷ, ಹೋಗು” ಎಂದಳು.

ಹೊರಗಿನ ಚಳಿಯಿಂದ ಒಳಗಿನ ಬಿಸುಪಿಗೆ ಬಂದದ್ದರಿಂದ ಹೊರೇಸನ ಕನ್ನಡಕಕ್ಕೆ ಮಂಜು ಕವಿದಿತ್ತು. ಪರದೆ ಮುಚ್ಚಿಕೊಂಡಿತು. ಯಂತ್ರದೆಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವನಿಗೆ ಅಪ್ಪ ನೆನಪಾದ. ಇಪ್ಪತ್ತೊಂದು ತುಂಬಿದ ವರ್ಷ ಇದೇ ಯಂತ್ರದ ಮುಂದೆ, ಇದೇ ಪರದೆಯ ಆಚೆ ನಿಂತು ಅಪ್ಪ, “ಕೈ ನಡುಗಿಸ್ಬೇಡ ಮಗಾ, ಒಂದೇ ಸಲಕ್ಕೆ ಎಳಿ” ಎಂದಿದ್ದ. ಹೊರಗೆ ಬಂದಾಗ ಬೆನ್ನು ತಟ್ಟಿ ಪೈ ಕೊಡಿಸಿದ್ದ. ಆ ಅಪ್ಪ ಇಂದು ಇದ್ದಿದ್ದರೆ ಮಗನ ಹೆಸರು ಯಂತ್ರದ ಮೇಲೆ ನೋಡಿ ಏನೆನ್ನುತ್ತಿದ್ದನೋ! ಹೊರೇಸನ ಕಣ್ಣು ತುಂಬಿತು. ಖಟ್ ಎಂದು ಸದ್ದಾಯಿತು, ಪರದೆ ತೆರೆಯಿತು.

“ಅಳ್ತಿದೀಯೇನೋ?” ಎಂದಳು ಥೆಲ್ಮಾ.

“ಮಂಜು ಕಣೇ, ಕನ್ನಡಕಕ್ಕೆ ಮಂಜು” ಎಂದು ಹೊರೇಸ್ ಮೂಗು ಒರೆಸಿಕೊಂಡ.

ಅಲ್ಲಿಂದ ಅವನ ಪಡಿಪಾಟಲು ಶುರುವಾಯಿತು. ಚರ್ಚಿನ ಎದುರಿನ ಪರ್ವಿಸನ ಅಂಗಡಿಯ ಕಿಟಕಿಯಲ್ಲಿ ಕೂತು, ಬಂದುಹೋಗುವವರ ಮುಖ ಓದತೊಡಗಿದ. ಡಾಲ್ ಸಹೋದರರು ಮೂವರೂ ನಗುತ್ತ ಹೊರಬಂದರು. ಯಾಕೆ ನಕ್ಕರು? ಪರ್ವಿಸನ ಹೆಂಡತಿ ಲಾಟಿ, ಕತ್ತೆ ಪಕ್ಷದ ಊರ ಮುಖಂಡಳಾದ ಲೈಬ್ರರಿಯ ಐರಿನ್ ಜೊತೆ ಮೆಟ್ಟಿಲ ಮೇಲೆ ಐದು ನಿಮಿಷ ಪಿಸುಗುಟ್ಟಿದಳು. ಏನು ಪಿಸುಗುಟ್ಟಿದಳು? ಎಮೆಟ್, ಆನೆ ಪಕ್ಷದ ಮುಖಂಡ ಕ್ಲೈಡನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಸನಿಕೆ ಹಿಡಿದುಕೊಂಡು ಬಂದ.

“ಪರ್ವಿಸ್, ಎಮೆಟ್ ಕೈ ಕೊಟ್ಟ ಕಣೋ. ಸನಿಕೆ ನೋಡು!”

“ಗೋರಿ ತೋಡೋನು ಸನಿಕೆ ತಗೊಳ್ದೆ ಪಿಯಾನೋ ತಗೋತಾನಾ? ಸುಮ್ನೆ ಕೂತ್ಕೋ ಮಾರಾಯ.”

“ನಿನ್ ಹೆಂಡ್ತಿ ಐರಿನ್ ಜೊತೆ ಏನ್ ಮಾತಾಡಿದ್ಲು ಕೇಳು.”

“ನನ್ ಹೆಂಡ್ತೀನ ಅನುಮಾನಿಸಿದ್ರೆ ಈ ಕತ್ತಿ ಇದೆ ನೋಡು” ಎಂದು ಪರ್ವಿಸ್ ಗಿರಾಕಿಯ ಗಲ್ಲದಿಂದ ಕತ್ತಿ ಎತ್ತಿ ತೋರಿಸಿದ. ಗಿರಾಕಿ ಬಿಳಿಚಿಕೊಂಡ.

ಹನ್ನೊಂದಕ್ಕೆ ಬರ್ನಿಸ್ ನೀಲಿ ಕೋಟು ತೊಟ್ಟು ಬಂದಳು. ಪರದೆಯೊಳಗೆ ಬಹಳ ಹೊತ್ತು ಇದ್ದು, ಮೊಣಕಾಲು ಹಿಡಿದುಕೊಂಡು ಕುಂಟುತ್ತ ಮೆಟ್ಟಿಲು ಹತ್ತಿ ಬಂದಳು. ಹೊರೇಸ್ ಓಡಿಹೋದ.

“ಏನು ಮಾಡ್ದೆ?”

“ಪರದೆ ಯಾಕೆ ಹಾಕಿರ್ತಾರೆ ಹೇಳು?”

“ನನ್ ಹೆಂಡ್ತಿ ನೀನು!”

“ಅದಕ್ಕೇ ಪರದೆ ಇರೋದು” ಎಂದು ಅವಳು ಕುಂಟುತ್ತಲೇ ಮನೆಗೆ ನಡೆದಳು. ಆ ಕುಂಟು ತನಗೆಂದೇ ಹಾಕಿದ ಅರಿಝೋನಾದ ಜಾಹೀರಾತು ಎಂದು ಹೊರೇಸ್ ಹಲ್ಲು ಕಡಿದ.

“ಶೂಪ್ ತಾತ” ಎಂದ ಪರ್ವಿಸ್ ಇದ್ದಕ್ಕಿದ್ದಂತೆ. “ಗುಡ್ಡದ ಮೇಲಿನ ಶೂಪ್ ತಾತ! ಆನೆಗೂ ಸೇರ್ದೋನಲ್ಲ, ಕತ್ತೆಗೂ ಸೇರ್ದೋನಲ್ಲ. ಎಂಬತ್ನಾಲ್ಕು ವರ್ಷ. ಹೆಸರು ಪಟ್ಟಿಯಲ್ಲಿದೆ, ನಾನೇ ನೋಡಿದೀನಿ. ಹೋಗು, ಕರ್ಕೊಂಡ್ ಬಾ.”

ಹೊರೇಸ್ ತನ್ನ ಹಳೆಯ ಕಾರು ಹತ್ತಿದ. ಅದು ಹೊರಡಲು ಒಂದು ಗಂಟೆ, ಗುಡ್ಡ ಹತ್ತಲು ಇನ್ನೊಂದು ಗಂಟೆ ತೆಗೆದುಕೊಂಡಿತು. ಮೇಲೆ ತಲುಪಿದಾಗ ಶೂಪ್ ತಾತನ ಅಂಗಳದಲ್ಲಿ ಆಗಲೇ ಎರಡು ಗಾಡಿ ನಿಂತಿದ್ದವು. ಒಂದು ಕ್ಲೈಡನ ಟ್ರಕ್ಕು, ಇನ್ನೊಂದು ಐರಿನ್‌ಳ ಪುಟ್ಟ ಕಾರು. ಟಿಲ್ಡನ್ ಕಾರ್ನರಿನಲ್ಲಿ ಆನೆಗೂ ಕತ್ತೆಗೂ ಎಂದೂ ಐದಾರು ಮತಗಳ ಅಂತರ. ಗುಡ್ಡದ ಮೇಲಿನ ಒಂದು ಮತವೂ ಅವರಿಗೆ ಬಂಗಾರ.

ಶೂಪ್ ತಾತನಿಗೆ ಸಂತೋಷವೋ ಸಂತೋಷ. “ಹದಿನಾರು ವರ್ಷದಿಂದ ಈ ಗುಡ್ಡ ಹತ್ತಿ ಒಂದು ನರಪಿಳ್ಳೆ ಬಂದಿಲ್ಲ. ಇವತ್ತು ಮೂರು ಜನ! ಇರಿ, ಹೋಗೋಣ. ಅದಕ್ಕೆ ಮುಂಚೆ ಬೇಲಿ ಒಂಚೂರು ಸರಿ ಮಾಡ್ಬೇಕು. ಮಗಳ ಕಾಗದ ಬಂದಿದೆ, ಕಣ್ಣು ಕಾಣಲ್ಲ, ಯಾರಾದ್ರೂ ಓದ್ಬೇಕು. ಹಂದಿ ಬೇರೆ ತಪ್ಪಿಸ್ಕೊಂಡಿದೆ.”

ಕ್ಲೈಡ್ ಕೋಟು ಬಿಚ್ಚಿ ಬೇಲಿಗೆ ಮೊಳೆ ಹೊಡೆದ. ಐರಿನ್ ಮಗಳ ಕಾಗದವನ್ನು ಓದಿದಳು. ಅದು ಮುಗಿದ ಮೇಲೆ ಪೆಟ್ಟಿಗೆಯಿಂದ ಇನ್ನೂ ನಲವತ್ತು ಕಾಗದ ಹೊರಬಂದವು, ಅವನ್ನೂ ಓದಿದಳು. ಹೊರೇಸನ ಪಾಲಿಗೆ ಹಂದಿ ಬಂತು. ಜೋಳ ಕಟಾವಾದ ಹೊಲದಲ್ಲಿ ಅಮೆರಿಕದ ಅಧ್ಯಕ್ಷ ಪದವಿಯ ಅಭ್ಯರ್ಥಿಯೊಬ್ಬ ಎರಡು ಗಂಟೆ ಹಂದಿಯ ಹಿಂದೆ ಓಡಿದ. ಅದು ಮೂರು ಸಲ ಅವನನ್ನು ಕೆಸರಿಗೆ ಕೆಡವಿ, ಕೊನೆಗೆ ತನಗೇ ಬೇಸರವಾಗಿ ಗೂಡಿಗೆ ನಡೆಯಿತು.

ಸಂಜೆ ಐದಾಯಿತು. ಶೂಪ್ ತಾತ ಮದುವೆಯ ಸೂಟು ತೊಟ್ಟು ಹೊರಬಂದು, ಮೂವರನ್ನೂ ಸಾಲಾಗಿ ನೋಡಿ ಹೊರೇಸನ ಕಾರಿನ ಬಾಗಿಲು ತೆರೆದ.

“ಕ್ಲೈಡಪ್ಪಾ, ಐರಿನ್ ತಾಯೀ, ಬೇಜಾರು ಮಾಡ್ಕೋಬೇಡಿ. ನನ್ ಮತ ಲಾಂದ್ರಕ್ಕೆ. ನನ್ ಮಗ ಸೈನ್ಯಕ್ಕೆ ಹೊರಟ ದಿನ ಈ ಹೊರೇಸ್ ರೈಲನ್ನ ಮೂರು ನಿಮಿಷ ನಿಲ್ಲಿಸ್ದ. ಹುಡ್ಗನ್ನ ಸರಿಯಾಗಿ ತಬ್ಕೊಳ್ಳಿ ಅಂತ. ಅದನ್ನ ನಾನು ಮರೆಯೋದುಂಟಾ?”

ಹೊರೇಸ್ ಕೆಸರು ಮೆತ್ತಿದ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಘೋಷಣೆ ಅಡ್ಡ ಬಂತು.

“ಇಲ್ಲ ತಾತ. ಅವತ್ತು ಇಂಜಿನ್ನಿಗೆ ನೀರು ತುಂಬಿಸ್ತಿದ್ರು. ನಿಯಮದ ಪ್ರಕಾರ ಒಂದೇ ನಿಮಿಷ. ನಾನಾಗಿ ಯಾವತ್ತೂ ರೈಲು ತಡೆದೋನಲ್ಲ.”

ಶೂಪ್ ತಾತ ಸೂಟಿನ ಗುಂಡಿ ಹಾಕಿಕೊಂಡ. “ಇರ್ಲಿ ಬಿಡು. ಮೂವತ್ತು ವರ್ಷದಿಂದ ನೀನೇ ನಿಲ್ಲಿಸ್ದೆ ಅಂತ ನೆನೆಸ್ಕೊಂಡು ಬಂದಿದೀನಿ. ಈ ವಯಸ್ಸಲ್ಲಿ ಅದನ್ನ ಬದಲಾಯಿಸಕ್ಕಾಗಲ್ಲ” ಎಂದು ಕಾರು ಹತ್ತಿ ಕೂತ.

ಮತದಾನ ಮುಗಿಯುವುದು ಏಳಕ್ಕೆ. ಕಾರು ಎರಡು ಸಲ ಕೆಮ್ಮಿ ನಿಂತು, ಎರಡು ಸಲ ಮತ್ತೆ ಹೊರಟು, ಆರೂವರೆಗೆ ಊರ ಅಂಚಿನ ರೈಲ್ವೆ ಗೇಟು ಮುಟ್ಟಿತು. ಹಿಂದೆಯೇ ಕ್ಲೈಡನ ಟ್ರಕ್ಕು, ಐರಿನ್‌ಳ ಕಾರು. ಚರ್ಚಿನ ಗೋಪುರ ಕಣ್ಣಳತೆಯಲ್ಲೇ ಇತ್ತು. ಹೊರೇಸನ ಎದೆ ಹಗುರವಾಯಿತು. ಹತ್ತು! ತಾನು, ಎಂಟು ಜನ, ಶೂಪ್ ತಾತ. ಇನ್ನು ಈ ಬೀದಿ, ಈ ಮನೆ, ಕಿಟಕಿಯಾಚೆಯ ಲೈಲ್ಯಾಕ್ ಹೂವಿನ ಗಿಡ ಯಾವುದನ್ನೂ ಬಿಡಬೇಕಾಗಿಲ್ಲ.

ಆಗ ಗೂಡ್ಸು ಗಾಡಿ ಬಂತು. ಕಲ್ಲಿದ್ದಲಿನ ಡಬ್ಬಿ, ಮರದ ಡಬ್ಬಿ, ಮತ್ತೆ ಕಲ್ಲಿದ್ದಲು. ಅರ್ಧ ದಾಟಿತು. ನಿಧಾನವಾಯಿತು. ಕೀ ಎಂದು ಕಿರುಚಿತು. ನಿಂತಿತು.

ಹೌದು, ಟಿಲ್ಡನ್ ಕಾರ್ನರಿನಲ್ಲಿ ರೈಲು ನಿಂತಿತು. ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ, ರಸ್ತೆಗೆ ಅಡ್ಡಲಾಗಿ.

“ನಿನ್ ಪ್ರಚಾರ ಫಲ ಕೊಡ್ತು ನೋಡು” ಎಂದ ಶೂಪ್ ತಾತ ಹಿಂದಿನ ಸೀಟಿನಿಂದ.

ಯಾವುದೋ ಗಾಲಿ ಬಿಸಿಯಾಗಿತ್ತು. ಗಾರ್ಡು ದೀಪ ಹಿಡಿದು ಡಬ್ಬಿಗಳ ಪಕ್ಕದಲ್ಲಿ ಸಾವಕಾಶವಾಗಿ ನಡೆಯುತ್ತಿದ್ದ. ಹೊರೇಸ್ ಜೇಬುಗಡಿಯಾರ ತೆಗೆದ. ಆರು ನಲವತ್ತು. ಆರು ಐವತ್ತು. ಕ್ಲೈಡ್ ಟ್ರಕ್ಕಿನಿಂದ ಇಳಿದು ಓಡಿಬಂದ.

“ಏನ್ ನೋಡ್ತಾ ನಿಂತಿದೀಯೋ? ಎರಡು ಡಬ್ಬಿ ಮಧ್ಯೆ ಹತ್ತಿ ಆಚೆ ಇಳೀರಿ. ಎಣಿಕೆಗೆ ನಾನೂ ಹೋಗ್ಬೇಕು. ತಾತನ್ನ ನಾನು ಎತ್ಕೋತೀನಿ, ನಡಿ!”

ಹೊರೇಸ್ ಗೇಟಿನ ಪಕ್ಕದ ಫಲಕದತ್ತ ಬೆರಳು ತೋರಿಸಿದ. ‘ನಿಂತ ಗಾಡಿಯ ಕೆಳಗಾಗಲಿ ನಡುವೆಯಾಗಲಿ ನುಸುಳಕೂಡದು.’ ಅಕ್ಷರ ಅವನದೇ, ಬಣ್ಣವೂ ಅವನದೇ.

“ನಲವತ್ತು ವರ್ಷ ನಾನು ಬೇರೆಯವರಿಗೆ ಹೇಳಿದ್ದು ಇದನ್ನೇ” ಎಂದ. “ನನ್ ಕೈಲಿ ಆಗಲ್ಲ ಕ್ಲೈಡ್.”

ಗಾಡಿ ಕದಲಿದ್ದು ಏಳು ಗಂಟೆಗೆ ಒಂದು ನಿಮಿಷವಿರುವಾಗ. ಅದರ ಕೊನೆಯ ಡಬ್ಬಿ ದಾಟಿ, ಕಾರು ಚರ್ಚು ಮುಟ್ಟುವಾಗ ಏಳು ದಾಟಿ ಎರಡು ನಿಮಿಷ. ಥೆಲ್ಮಾ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿದ್ದಳು.

“ಎರಡೇ ನಿಮಿಷ ಕಣೇ, ಥೆಲ್ಮಾ.”

“ನನ್ ಗಂಡ ರೈಲು ತಪ್ಪಿಸ್ಕೊಂಡ ದಿನ ಅವನೂ ಎರಡೇ ನಿಮಿಷ ತಡಿ ಅಂದಿದ್ದ. ನೀನು ಬಾವುಟ ಇಳಿಸಿ ರೈಲು ತಡೆದ್ಯಾ?”

ಹೊರೇಸ್ ಬೆಂಚಿನ ಮೇಲೆ ಕುಸಿದ. ಅರ್ಧ ಊರು ಎಣಿಕೆ ನೋಡಲು ನೆಲಮಾಳಿಗೆಯಲ್ಲಿ ಸೇರಿತ್ತು. ಬರ್ನಿಸ್ ಮೂಲೆಯ ಕುರ್ಚಿಯಲ್ಲಿ ಮಡಿಲ ಮೇಲೆ ಕೈಚೀಲವಿಟ್ಟುಕೊಂಡು ಕೂತಿದ್ದಳು. ಗೋಡೆಯ ಮೇಲೆ ಪರ್ವಿಸ್ ತಾನೇ ಬರೆದು ಅಂಟಿಸಿದ ಭಿತ್ತಿಪತ್ರದಲ್ಲಿ ಹೊರೇಸ್ ಲಾಂದ್ರ ಹಿಡಿದು ನಗುತ್ತಿದ್ದ. ಥೆಲ್ಮಾ ಯಂತ್ರದ ಬೆನ್ನಿನ ಬಾಗಿಲು ತೆರೆದು ಅಂಕಿಗಳನ್ನು ಓದಿದಳು.

“ಆನೆ, ನೂರ ಮೂರು. ಕತ್ತೆ, ತೊಂಬತ್ತೆಂಟು. ಲಾಂದ್ರ, ಒಂಬತ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಒಂಬತ್ತೇ ಎಂದು ಹೊರೇಸನಿಗೆ ಗೊತ್ತಿದ್ದದ್ದೇ. ತಲೆ ಬಗ್ಗಿಸಿ, “ಆಯ್ತು ಬರ್ನಿಸ್. ಗಂಟು ಕಟ್ಟೋಣ” ಎಂದ.

ಆದರೆ ಬರ್ನಿಸ್ ಎದ್ದು ನಿಂತಿದ್ದಳು. “ಥೆಲ್ಮಾ, ಇನ್ನೊಂದ್ಸಲ ನೋಡು. ಹತ್ತಿರ್ಬೇಕು.”

“ಒಂಬತ್ತೇ ಕಣಮ್ಮ.”

“ಹೇಗೆ ಒಂಬತ್ತಾಗತ್ತೆ? ಅವನ ಪಟ್ಟೀಲಿ ಎಂಟು ಜನ. ಅವನದೊಂದು. ಒಂಬತ್ತು. ನಂದೊಂದು.”

ನೆಲಮಾಳಿಗೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು.

“ನೀನು?” ಎಂದ ಹೊರೇಸ್.

“ಹೂಂ, ನಾನು. ಯಾಕೆ ಹಾಗೆ ನೋಡ್ತೀಯಾ? ಒಳಗೆ ಹೋದಾಗ ಅರಿಝೋನಾ ಅಂತಲೇ ಹೋದೆ. ಕೆಳಗೆ ಮೂಲೇಲಿ ನಿನ್ ಹೆಸರು ಅಚ್ಚಾಗಿತ್ತು. ಪಾಪ, ಅಷ್ಟು ಸಣ್ಣಕ್ಷರದಲ್ಲಿ. ಅರಿಝೋನಾದಲ್ಲಿ ನೀನು ಯಾವ ರೈಲಿಗೆ ಕಾಯ್ತೀಯಾ ಅನ್ನಿಸ್ತು. ಅದನ್ನ ಒತ್ತಕ್ಕೆ ಬಗ್ಗಿ ಬಗ್ಗಿ ನನ್ ಮೊಣಕಾಲು ಕಿತ್ತು ಬಂತು.”

ಹೊರೇಸ್ ಆ ಬೆಳಗಿನ ಕುಂಟನ್ನು ನೆನೆದು ಹೆಂಡತಿಯ ಕಾಲಿಗೆ ಬೀಳುವಂತಾದ. ಮರುಕ್ಷಣ ಲೆಕ್ಕ ಹೊಳೆಯಿತು. ಬರ್ನಿಸ್ ಸೇರಿದರೆ ಹತ್ತಾಗಬೇಕಿತ್ತು. ಶೂಪ್ ತಾತನೇ ಬೇಕಾಗಿರಲಿಲ್ಲ, ಹಂದಿಯೂ ಬೇಕಾಗಿರಲಿಲ್ಲ. ಅಂದರೆ ಪಟ್ಟಿಯಲ್ಲಿದ್ದ ಎಂಟರಲ್ಲಿ ಒಬ್ಬರು ಮಾತು ತಪ್ಪಿದ್ದರು.

“ಯಾರು?” ಎಂದು ಗುಡುಗಿದ. “ಯಾರು ನಂಗೆ ಮೋಸ ಮಾಡಿದ್ದು? ಬೆಳಿಗ್ಗೆಯಿಂದ ನೋಡ್ತಾನೇ ಇದ್ದೆ. ಡಾಲ್, ನೀವು ಮೂವರೂ ನಕ್ಕಿದ್ಯಾಕೆ? ಲಾಟಿ, ಐರಿನ್ ಹತ್ರ ಏನು ಪಿಸುಗುಟ್ಟಿದೆ? ಎಮೆಟ್, ಆ ಸನಿಕೆ!”

“ಮೊಟ್ಟೆನೊರೆಯ ಪೈ ಮಾಡೋದು ಹೇಗೆ ಅಂತ ಕೇಳಿದ್ಲು ಮಾರಾಯ” ಎಂದಳು ಐರಿನ್.

“ಡಾಲ್‌ಗಳು ನಕ್ಕಿದ್ದು ನೀನು ಕಿಟಕೀಲಿ ಗೂಬೆ ಥರ ಕೂತಿದ್ದಕ್ಕೆ” ಎಂದ ಪರ್ವಿಸ್. ಅವನ ಮುಖ ಕೆಂಪೇರಿತ್ತು. “ನಲವತ್ತು ವರ್ಷ ನಿನ್ ತಲೆ ನನ್ ಕೈಲಿತ್ತು ಹೊರೇಸ್. ಆ ತಲೆಯೊಳಗೆ ಇಷ್ಟೇ ಇರೋದು ಅಂತ ಗೊತ್ತಿರ್ಲಿಲ್ಲ.”

“ಜಗಳ ಬೇಡ” ಎಂದು ಥೆಲ್ಮಾ ಮೇಜು ಕುಟ್ಟಿದಳು. “ಯಾರೋ ತಪ್ಪು ಸನ್ನೆ ಒತ್ತಿರ್ಬೇಕು. ಬೆಳಿಗ್ಗೆ ಹೇಗೆ ಹಾಕಿದ್ರೋ ಹಾಗೇ ಗಾಳೀಲಿ ಮಾಡಿ ತೋರಿಸ್ರಿ, ಗೊತ್ತಾಗತ್ತೆ.”

ಒಬ್ಬೊಬ್ಬರಾಗಿ ಯಂತ್ರದ ಮುಂದೆ ಬಂದರು. ಪರ್ವಿಸ್ ಬಾಗಿದ, ಬಲಮೂಲೆಯಲ್ಲಿ ಬೆರಳು ಒತ್ತಿದ. ಲಾಟಿ ಬಾಗಿದಳು. ಡಾಲ್ ಸಹೋದರರು ಒಬ್ಬರ ಹಿಂದೊಬ್ಬರು ಹಸು ಕರೆಯುವವರಂತೆ ಬಾಗಿದರು. ಅಕ್ಕತಂಗಿಯರು ಕೈ ಕೈ ಹಿಡಿದು ಬಾಗಿದರು. ಎಮೆಟ್ ಬಾಗಿದ, ಅವನಿಗೆ ಅದು ದಿನದ ಕೆಲಸ. ಬರ್ನಿಸ್ ಕುರ್ಚಿ ಹಿಡಿದು ಅರ್ಧ ಬಾಗಿ, “ಸಾಕಾ?” ಎಂದಳು. ಒಂಬತ್ತು ಜನರೂ ಲಾಂದ್ರಕ್ಕೇ ಒತ್ತಿದ್ದರು.

ಅವರೆಲ್ಲ ಬಾಗಿದ್ದನ್ನು ನೋಡುತ್ತ ಹೊರೇಸನಿಗೆ ನಾಚಿಕೆಯಾಗತೊಡಗಿತು. ಇಷ್ಟು ಜನ ತನಗಾಗಿ ಬೆನ್ನು ಬಗ್ಗಿಸಿದ್ದರು. ತಾನು ದಿನವಿಡೀ ಅವರ ನಗು ಎಣಿಸುತ್ತ ಕೂತಿದ್ದ.

“ಇನ್ನು ನೀನು” ಎಂದಳು ಥೆಲ್ಮಾ.

“ನಾನಾ? ನಾನು ಅಭ್ಯರ್ಥಿ ಕಣೇ!”

“ತೋರ್ಸು.”

ಹೊರೇಸ್ ನಗುತ್ತಲೇ ಯಂತ್ರದ ಮುಂದೆ ನಿಂತ. ಬೆಳಗಿನದನ್ನು ಸರಿಯಾಗಿ ನೆನೆಯಲೆಂದು ಕಣ್ಣು ಮುಚ್ಚಿದ. ಎಣ್ಣೆಯ ವಾಸನೆ ಬಂತು. ಪರದೆಯಾಚೆ ಅಪ್ಪ ಬಂದು ನಿಂತ. ಒಂದೇ ಸಲಕ್ಕೆ ಎಳಿ ಮಗಾ. ಹೊರೇಸನ ಬಲಗೈ ತಾನಾಗಿ ಮೇಲೆದ್ದಿತು. ಎಡಗಡೆ, ಮೇಲೆ, ಆನೆಯ ದೊಡ್ಡ ಸನ್ನೆ ಇರುವಲ್ಲಿಗೆ ನೇರವಾಗಿ ಹೋಗಿ ಗಾಳಿಯನ್ನು ಹಿಡಿದು ಖಟ್ಟನೆ ಕೆಳಗೆಳೆಯಿತು.

ಅವನು ಕಣ್ಣು ಬಿಟ್ಟಾಗ ಇಡೀ ನೆಲಮಾಳಿಗೆ ಅವನ ಕೈಯನ್ನೇ ನೋಡುತ್ತಿತ್ತು. ಅವನೂ ನೋಡಿದ.

ಮೊದಲು ಬಾಯಿ ಬಿಟ್ಟವನು ಕ್ಲೈಡ್. ಎದ್ದು ಬಂದು ಆ ಕೈಯನ್ನೇ ಹಿಡಿದು ಕುಲುಕಿ, “ಪಕ್ಷದ ಪರವಾಗಿ ಧನ್ಯವಾದ” ಎಂದ. ಆಮೇಲೆ ಎದ್ದ ನಗು ಹತ್ತು ನಿಮಿಷ ನಿಲ್ಲಲಿಲ್ಲ. ಪರ್ವಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡು ಗೆಳೆಯನ ಭುಜ ತಬ್ಬಿದ. ಹೊರೇಸ್ ಒಬ್ಬೊಬ್ಬರ ಬಳಿಯೂ ಹೋಗಿ ಕ್ಷಮೆ ಕೇಳಿದ. ಎಮೆಟನ ಸನಿಕೆಯ ಕ್ಷಮೆಯನ್ನೂ ಕೇಳಬೇಕೆಂದು ಎಲ್ಲರೂ ಹಠ ಹಿಡಿದರು.

“ಸರಿ, ಮನೆಗೆ ನಡಿ” ಎಂದಳು ಬರ್ನಿಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಅರಿಝೋನಾ ಗಿರಿಝೋನಾ ಏನೂ ಬೇಡ. ನಾನೇ ಮತ ಹಾಕಿದೀನಲ್ಲ.”

ಹೊರೇಸನ ಮುಖ ಅರಳಿತು. ಒಂದು ಹೆಜ್ಜೆ ಇಟ್ಟ. ಎದುರಿಗೆ ಗೋಡೆಯ ಮೇಲೆ ಅವನೇ ಲಾಂದ್ರ ಹಿಡಿದು ನಿಂತಿದ್ದ. ಕೆಳಗೆ ದಪ್ಪಕ್ಷರದಲ್ಲಿ ‘ಮಾತಂದ್ರೆ ಮಾತು’. ಊರೆಲ್ಲ ಅವನು ನೋಡುತ್ತಿದ್ದ ಕಡೆಗೇ ನೋಡಿತು.

“ಬಿಟ್ಬಿಡೋ” ಎಂದ ಕ್ಲೈಡ್, ನಿಜವಾದ ಕನಿಕರದಿಂದ. “ಯಾರೂ ಏನೂ ಅನ್ಕೊಳಲ್ಲ. ನಾವೆಲ್ಲ ಮಾತು ತಪ್ಪಿಲ್ವಾ?”

“ಹೂಂ ಹೊರೇಸ್” ಎಂದಳು ಐರಿನ್. “ನಮ್ಮ ಎರಡೂ ಪಕ್ಷಕ್ಕೆ ಅದು ಅಭ್ಯಾಸ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತೇ ಹೊರೇಸನ ಕಾಲು ಕಟ್ಟಿಹಾಕಿತು. ಹನ್ನೆರಡು ವರ್ಷ ಯಾವುದನ್ನು ಬೈದುಕೊಂಡು ಬಂದನೋ ಅದನ್ನೇ ತಾನೀಗ ಮಾಡುವುದು ಹೇಗೆ? ಅವನು ಭಿತ್ತಿಪತ್ರವನ್ನು ಗೋಡೆಯಿಂದ ಮೆಲ್ಲಗೆ ಬಿಡಿಸಿ ಸುರುಳಿ ಸುತ್ತಿದ.

“ಒಂಬತ್ತು ಅಂದ್ರೆ ಒಂಬತ್ತು” ಎಂದ. “ಕೋರಾಗೆ ಫೋನ್ ಮಾಡು ಬರ್ನಿಸ್.”

ಹೊಸ ವರ್ಷದ ಎರಡನೆಯ ದಿನ ಪರ್ವಿಸ್ ಅವರಿಬ್ಬರನ್ನೂ ಮೂವತ್ತು ಮೈಲಿ ದೂರದ ದೊಡ್ಡ ಊರಿಗೆ ಕರೆದೊಯ್ದು ರೈಲು ಹತ್ತಿಸಿದ. ಹೊರೇಸ್ ಲಾಂದ್ರವನ್ನು ಗೆಳೆಯನ ಕೈಗಿಟ್ಟ. ಪರ್ವಿಸ್ ಅದನ್ನು ಹಿಡಿದು ಕಾರು ಹತ್ತಿ ಗಾಳಿಯಂತೆ ಹಿಂದಕ್ಕೆ ಓಡಿಸಿಕೊಂಡು ಹೋದ. ನಿಂತು ಕೈ ಬೀಸಲೂ ಇಲ್ಲವಲ್ಲ ಎಂದು ಹೊರೇಸನಿಗೆ ಕೆಡುಕೆನಿಸಿತು.

ಯಾಕೆಂದು ತಿಳಿದದ್ದು ಮುಕ್ಕಾಲು ಗಂಟೆಯ ಮೇಲೆ. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತು ಬಂದ ರೈಲು ಟಿಲ್ಡನ್ ಕಾರ್ನರಿನ ತಿರುವು ತಿರುಗಿತು. ಬೀಗ ಹಾಕಿದ ನಿಲ್ದಾಣದ ಕಟ್ಟೆಯ ಮೇಲೆ ಊರಿಗೆ ಊರೇ ಹಿಮದಲ್ಲಿ ನಿಂತಿತ್ತು. ಮುಂದೆ ಪರ್ವಿಸ್ ಹಚ್ಚಿದ ಲಾಂದ್ರ ಎತ್ತಿ ಹಿಡಿದಿದ್ದ. ಪಕ್ಕದಲ್ಲಿ ಮದುವೆಯ ಸೂಟಿನ ಶೂಪ್ ತಾತ, ಪೈ ಹಿಡಿದ ಥೆಲ್ಮಾ, ಸನಿಕೆ ಎತ್ತಿದ ಎಮೆಟ್. ಕ್ಲೈಡನೂ ಐರಿನ್‌ಳೂ ಒಂದೇ ಬಟ್ಟೆಯ ಎರಡು ತುದಿ ಹಿಡಿದಿದ್ದರು. ಅದರ ಮೇಲೆ ‘ಒಂದು ನಿಮಿಷ’ ಎಂದು ಬರೆದಿತ್ತು.

ಹೊರೇಸನ ತಲೆಯ ಮೇಲೆ, ಕಿಟಕಿಯ ಪಕ್ಕದಲ್ಲಿ, ಅಪಾಯದ ಕೆಂಪು ಸರಪಳಿ ತೂಗುತ್ತಿತ್ತು.

“ಎಳಿ” ಎಂದಳು ಬರ್ನಿಸ್. ಅವಳ ಕೆನ್ನೆ ಒದ್ದೆಯಾಗಿತ್ತು. “ಎಳಿ ಹೊರೇಸ್. ನಿಲ್ಲಲಿ, ಒಂದೇ ನಿಮಿಷ.”

ಹೊರೇಸನ ಬಲಗೈ ಮೇಲಕ್ಕೆ ಹೋಯಿತು. ಸರಪಳಿಯನ್ನು ಮುಟ್ಟಿತು. ನಲವತ್ತು ವರ್ಷ ರೈಲನ್ನು ಹೊತ್ತಿಗೆ ಸರಿಯಾಗಿ ಬಿಟ್ಟ ಆ ಕೈ ಅಲ್ಲೇ ನಿಂತುಬಿಟ್ಟಿತು. ಅವನು ಹಲ್ಲು ಕಚ್ಚಿ ಎಳೆಯಲು ನೋಡಿದ. ಬೆರಳು ಬಗ್ಗಲಿಲ್ಲ. ಲಾಂದ್ರ ಬಂತು, ಮುಖಗಳು ಬಂದವು, ಬಟ್ಟೆ ಬಂತು, ಎಲ್ಲವೂ ಕಿಟಕಿಯಿಂದ ಜಾರಿಹೋದವು. ಹೊರಗೆ ಬರೀ ಹಿಮ ಉಳಿಯಿತು.

ಬರ್ನಿಸ್ ಗಂಡನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು.

“ಎಳೀಬಾರ್ದಾಗಿದ್ದಾಗ ಎಳೀತು” ಎಂದಳು. “ಎಳೀಬೇಕಾದಾಗ ನೋಡು.”